ಡಿಪಿಕ್ಟ್, ಪೋರ್ಟ್ರೇ, ರೆಪ್ರೆಸೆಂಟ್: ಯಾವಾಗ ಯಾವುದು?

ಪ್ರಶ್ನೆ: ಕಾಲೇಜಿನ ಚಿತ್ರಪ್ರದರ್ಶನಕ್ಕೆ ಪ್ರತಿ ಚಿತ್ರದ ಕೆಳಗೂ ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯಬೇಕು. ಡಿಪಿಕ್ಟ್, ಪೋರ್ಟ್ರೇ ಎರಡಕ್ಕೂ ಡಿಕ್ಷನರಿಯಲ್ಲಿ ‘ಚಿತ್ರಿಸು’ ಅಂತಲೇ ಇದೆ. ನೀವೆಲ್ಲ ಹೇಗೆ ಬಳಸುತ್ತೀರಿ?

ಉತ್ತರ 1: ಕಣ್ಣಿಗೆ ಏನು ಕಾಣುತ್ತದೋ ಅದಕ್ಕೆ ನಾನು ಡಿಪಿಕ್ಟ್ ಹಾಕುತ್ತೇನೆ. ಹಂಪಿ ವಿರೂಪಾಕ್ಷ ಗುಡಿಯ ರಂಗಮಂಟಪದ ಒಳಛಾವಣಿಯ ಚಿತ್ರ ನೋಡಿ, ವಿದ್ಯಾರಣ್ಯರನ್ನು ಪಲ್ಲಕ್ಕಿಯಲ್ಲಿ ಹೊತ್ತುಕೊಂಡು ಹೋಗುವ ಮೆರವಣಿಗೆ ಇದೆ. ಅದಕ್ಕೆ ‘ದಿ ಪೇಂಟಿಂಗ್ ಡಿಪಿಕ್ಟ್ಸ್ ಎ ಪ್ರೊಸೆಷನ್’ ಅಂದರೆ ಮುಗಿಯಿತು. ‘ಡಿಪಿಕ್ಟ್ಸ್ ಅಬೌಟ್’ ಮಾತ್ರ ಬೇಡ, ನಮ್ಮ ಕಡೆ ಅದು ಜಾಸ್ತಿ. ‘ಈಸ್ ಡಿಪಿಕ್ಟಿಂಗ್’ ಕೂಡ ಬೇಡ, ಚಿತ್ರ ಇವತ್ತೂ ಅದನ್ನೇ ತೋರಿಸುತ್ತದೆ, ನಾಳೆಯೂ ಅದನ್ನೇ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಪೋರ್ಟ್ರೇ ಬಂದಾಗ ಮಾತ್ರ ಸ್ವಲ್ಪ ಹುಷಾರು, ಯಾಕೆಂದರೆ ಅದರೊಳಗೆ ತೋರಿಸುವವರ ಅಭಿಪ್ರಾಯವೂ ಸೇರಿಕೊಳ್ಳುತ್ತದೆ. ರಾವಣನಿಗೆ ಹತ್ತು ತಲೆ ಬರೆದರೆ ಅದು ಡಿಪಿಕ್ಟ್. ಅವನನ್ನು ಬರೀ ಸೊಕ್ಕಿನವನು ಅಂತ ತೋರಿಸಬಹುದು, ಇಲ್ಲವೇ ವೀಣೆ ನುಡಿಸುವ ಶಿವಭಕ್ತ ಅಂತಲೂ ತೋರಿಸಬಹುದು, ಅಲ್ವಾ? ಆಗ ಪೋರ್ಟ್ರೇ, ಅದರ ಹಿಂದೆಯೇ ಒಂದು ‘ಆ್ಯಸ್’ ಬರುತ್ತದೆ. ಪತ್ರಿಕೆಗಳಲ್ಲಿ ‘ಪೋರ್ಟ್ರೇಡ್ ಆ್ಯಸ್ ಎ ವಿಲನ್’ ಅಂತ ಓದಿದರೆ, ಬರೆದವರು ಆ ಚಿತ್ರಣವನ್ನು ಪೂರ್ತಿ ಒಪ್ಪಿಲ್ಲ ಅನ್ನುವ ವಾಸನೆ ಸಾಮಾನ್ಯವಾಗಿ ಹೊಡೆಯುತ್ತದೆ. ನಟರ ಪಾತ್ರಕ್ಕೂ ಇದೇ ಪದ. ರಾಜ್‌ಕುಮಾರ್ ಮಯೂರನಾಗಿ ನಟಿಸಿದರು ಅನ್ನಲು ಪೋರ್ಟ್ರೇಡ್ ಅಂತಾರೆ, ಡಿಪಿಕ್ಟೆಡ್ ಅನ್ನುವುದಿಲ್ಲ.

ಪ್ರಶ್ನೆ ಕೇಳಿದವರು: ಹಾಗಾದರೆ ಒಬ್ಬರನ್ನು ಎದುರಿಗೆ ಕೂರಿಸಿ ಬರೆದದ್ದೆಲ್ಲ ಪೋರ್ಟ್ರೇಟ್ ಆಗುತ್ತದೆಯಾ?

ಉತ್ತರ 3: ಇಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ತುಂಬಾ ಜನ ಅದನ್ನು ರವಿವರ್ಮನದು ಅಂದುಕೊಂಡು ಬಿಡುತ್ತಾರೆ. ಬರೆದವರು ಎಸ್.ಎಲ್. ಹಲ್ದಣಕರ್, ಜಲವರ್ಣದಲ್ಲಿ. ಮಾದರಿಯಾಗಿ ನಿಂತದ್ದು ಅವರ ಮಗಳೇ. ಆದರೂ ಹೆಸರು ‘ಗ್ಲೋ ಆಫ್ ಹೋಪ್’. ಅಲ್ಲಿ ಮುಖ್ಯ ಆ ಬೆಳಕು ಮತ್ತು ಬೆರಳ ಸಂದಿಯ ಕೆಂಪು, ಆಕೆ ಯಾರು ಅನ್ನುವುದಲ್ಲ. ನಾನಾದರೆ ‘ಡಿಪಿಕ್ಟ್ಸ್ ಎ ವುಮನ್ ಹೋಲ್ಡಿಂಗ್ ಎ ಲ್ಯಾಂಪ್’ ಅಂತ ಬರೆಯುತ್ತೇನೆ. ಪಕ್ಕದಲ್ಲೇ ಒಬ್ಬ ಮಹಾರಾಜರ ಚಿತ್ರ ಇದ್ದರೆ, ಇಂಥವರೇ ಇವರು ಅಂತ ಗುರುತಿಸಲೆಂದೇ ಬರೆಸಿದ್ದು, ಅದು ಪೋರ್ಟ್ರೇಟ್.

ಉತ್ತರ 4: ರೆಪ್ರೆಸೆಂಟ್ ಬಿಟ್ಟೇಬಿಟ್ಟಿರಿ! ಅದು ಸಂಕೇತಕ್ಕೆ. ಪಿಕಾಸೊ 1937ರಲ್ಲಿ ಬರೆದ ‘ಗೆರ್ನಿಕಾ’ದಲ್ಲಿ ಗೂಳಿ, ಕುದುರೆ, ಸತ್ತ ಮಗುವನ್ನು ಹಿಡಿದ ತಾಯಿ ಎಲ್ಲ ಡಿಪಿಕ್ಟ್ ಆಗಿವೆ. ಆ ಗೂಳಿ ಏನನ್ನು ರೆಪ್ರೆಸೆಂಟ್ ಮಾಡುತ್ತದೆ ಅನ್ನುವುದರ ಬಗ್ಗೆ ವಿಮರ್ಶಕರು ಇವತ್ತಿಗೂ ಒಂದಾಗಿಲ್ಲ. ನಿಮ್ಮ ಪ್ರದರ್ಶನದಲ್ಲಿ ಬರೀ ಬಣ್ಣ, ಗೆರೆ ಇರುವ ಚಿತ್ರಗಳಿದ್ದರೆ ಈ ಮೂರೂ ಬೇಡ, ‘ಸಜೆಸ್ಟ್ಸ್’ ಸಾಕು. ಸುಮ್ನೆ ಇಲ್ಲದ ಅರ್ಥ ತುರುಕಬೇಡಿ.

ಉತ್ತರ 5: ಉದ್ಘಾಟನೆ ದಿನ ಮೈಕಿನಲ್ಲಿ ಓದುವುದಾದರೆ ಇನ್ನೊಂದು. ಪೋರ್ಟ್ರೇಟ್ ಅನ್ನುವಾಗ ಒತ್ತು ಮೊದಲ ಭಾಗಕ್ಕೆ, ಪೋರ್ಟ್ರೇ ಅನ್ನುವಾಗ ಕೊನೆಗೆ. ಪೋರ್ಟ್ರೇಟ್ ಅನ್ನು ಪೋರ್ಟ್ರಿಟ್ ಅಂದರೂ ನಡೆಯುತ್ತದೆ.