ಸಹಾಯ ಬೇಕು: ‘ಒಸು’ ಎಂಬುದಕ್ಕೆ ಕನ್ನಡದಲ್ಲಿ ಯಾವ ಪದ?

ಎಲ್ಲರಿಗೂ ನಮಸ್ಕಾರ. ನೈಜೀರಿಯಾದ ಲೇಖಕ ಚಿನುವಾ ಅಚೆಬೆಯವರ ‘ನೋ ಲಾಂಗರ್ ಅಟ್ ಈಸ್’ (1960) ಕಾದಂಬರಿಯ ಒಂದು ಭಾಗವನ್ನು ನಮ್ಮ ಓದುಗರ ಬಳಗಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಪದದ ಮುಂದೆ ವಾರದಿಂದ ಕೂತಿದ್ದೇನೆ.

ಊರವರ ಸಂಘ ಕೊಟ್ಟ 800 ಪೌಂಡ್ ಸಾಲದಲ್ಲಿ ಇಂಗ್ಲೆಂಡಿನಲ್ಲಿ ಓದಿ ಬಂದ ಓಬಿ, ಬ್ರಿಟಿಷ್ ಆಳ್ವಿಕೆಯ ಕೊನೆಯ ದಿನಗಳ ಲಾಗೋಸ್‌ನಲ್ಲಿ ಸರ್ಕಾರಿ ಅಧಿಕಾರಿ. ಕಡೆಗೆ ಲಂಚಕ್ಕೆ ಕೈಚಾಚಿ ಕಟಕಟೆ ಹತ್ತುತ್ತಾನೆ. ಅದೆಲ್ಲ ಸಲೀಸಾಗಿ ಕನ್ನಡಕ್ಕೆ ಬಂತು. ತೊಡಕಿರುವುದು ಅವನು ಮದುವೆಯಾಗಬೇಕೆಂದಿರುವ ಕ್ಲಾರಾಳ ವಿಷಯದಲ್ಲಿ. ಅವಳು ‘ಒಸು’. ಹಿಂದೆಂದೋ ಪೂರ್ವಜರೊಬ್ಬರನ್ನು ದೇವರಿಗೆ ಒಪ್ಪಿಸಿದ್ದಕ್ಕೆ ಇಡೀ ವಂಶವೇ ಅಲ್ಲಿನ ಇಗ್ಬೊ ಜನಾಂಗದ ಸಮಾಜದಿಂದ ಹೊರಗೆ. ಕ್ರೈಸ್ತನಾಗಿ ಬಾಳಿದ ಓಬಿಯ ತಂದೆಯೇ ಅದನ್ನು ಕುಷ್ಠಕ್ಕೆ ಹೋಲಿಸಿ ಬೇಡವೆನ್ನುತ್ತಾನೆ. ತಾನು ಬದುಕಿರುವಾಗ ಅವಳನ್ನು ಮದುವೆಯಾದರೆ ಪ್ರಾಣ ಕಳೆದುಕೊಳ್ಳುತ್ತೇನೆ ಎನ್ನುತ್ತಾಳೆ ಹಾಸಿಗೆ ಹಿಡಿದ ತಾಯಿ. ಆ ಪುಟ ನನ್ನ ಎದೆ ಹಿಂಡಿತು.

ಮೊದಲು ‘ಅಸ್ಪೃಶ್ಯೆ’ ಎಂದು ಬರೆದೆ. ದೇವರ ನಂಟು ಕಳೆದುಹೋಯಿತು. ‘ದೇವರಿಗೆ ಬಿಟ್ಟವಳು’ ಎಂದರೆ ನಮ್ಮ ಓದುಗರ ಕಣ್ಣಮುಂದೆ ಸವದತ್ತಿಯ ಗುಡ್ಡ ಬರುತ್ತದೆ. ಕ್ಲಾರಾ ಮುತ್ತು ಕಟ್ಟಿಸಿಕೊಂಡವಳಲ್ಲ, ನರ್ಸ್. ‘ಒಸು’ ಎಂದೇ ಬಿಟ್ಟರೆ ಆ ಮಾತಿನ ಇರಿತ ಮೊಂಡಾಗುತ್ತದೆ. ಅಂಥ ಕಡೆ ಅಡಿಟಿಪ್ಪಣಿ ಹಾಕಲು ನನಗೆ ಮನಸ್ಸಿಲ್ಲ.

ಅನುವಾದದ ಅನುಭವವುಳ್ಳವರು ದಯವಿಟ್ಟು ಹೇಳಿ: ‘ಒಸು’ ಪದವನ್ನೇ ಉಳಿಸಿಕೊಂಡು ಹಿಂದಿನ ಸಂಭಾಷಣೆಯಲ್ಲೇ ಅರ್ಥ ಹೊಳೆಯುವಂತೆ ಮಾಡಲೇ? ಇಲ್ಲವೇ, ದೇವರ ನಂಟು ಮತ್ತು ಬಹಿಷ್ಕಾರ ಎರಡನ್ನೂ ಹೊರುವ ಪದ ನಿಮ್ಮ ಕಡೆ ಬಳಕೆಯಲ್ಲಿದೆಯೇ?