ಪೋಕರ್‌ನಲ್ಲಿ ಬರೀ ಕಾಲ್ ಮಾಡೋದು ಬಿಟ್ಟು ಜೋರಾಗಿ ಆಡೋದು ಹೇಗೆ?

ಪೊನ್ನಂಪೇಟೆ ಹುಡುಗ:
ಕಕ್ಕಡದ ಮಳೆ ಹಿಡಿದರೆ ತೋಟಕ್ಕೆ ಇಳಿಯೋಕಾಗಲ್ಲ. ಸಂಜೆ ನಮ್ಮ ಮನೆಯಲ್ಲಿ ಐದಾರು ಜನ ಸೇರಿ ಪೋಕರ್ ಆಡುತ್ತೇವೆ. ಎಲ್ಲ ನೆಂಟರು, ಅಕ್ಕಪಕ್ಕದವರು. ತಲಾ ಎರಡು ಎಲೆ ಕೈಯಲ್ಲಿ, ಎಲ್ಲರಿಗೂ ಸೇರಿದ ಐದು ಎಲೆ ನಡುವೆ. ಬ್ಲೈಂಡ್, ಅಂದರೆ ಎಲೆ ನೋಡುವ ಮುಂಚೆ ಇಬ್ಬರು ಹಾಕಲೇಬೇಕಾದ ದುಡ್ಡು, 1 ಮತ್ತು 2 ರೂಪಾಯಿ. ಯಾರೂ ಎಲೆ ಬಿಡುವವರಲ್ಲ, ಕೊನೆ ಎಲೆ ಬೀಳುವ ತನಕ ಕೂರುತ್ತಾರೆ. ನಾನೂ ಎರಡು ಎಕ್ಕ ಬಂದರೂ ಸುಮ್ನೆ 2 ರೂಪಾಯಿ ಹಾಕಿ ಕಾಲ್ ಮಾಡುತ್ತೇನೆ, ಅಂದರೆ ಏರಿಸದೆ ಬೇರೆಯವರು ಹಾಕಿದಷ್ಟೇ ಹಾಕುತ್ತೇನೆ. ಕೊನೆಗೆ ಯಾರೋ ಎಂಟು-ಮೂರು ಹಿಡಿದುಕೊಂಡು ಎರಡು ಜೋಡಿ ಮಾಡಿ ಗೆಲ್ಲುತ್ತಾರೆ. ಜೋರಾಗಿ ಆಡು ಅನ್ನುತ್ತಾರೆ. ಜೋರು ಅಂದರೆ ಕೆಟ್ಟ ಎಲೆ ಇಟ್ಟುಕೊಂಡು ದುಡ್ಡು ಏರಿಸಿ ಹೆದರಿಸೋದಾ, ಬ್ಲಫ್ ಮಾಡೋದಾ? ಇವರು ಅದಕ್ಕೆ ಹೆದರಲ್ಲ.

ಕುಶಾಲನಗರದ ಅಕ್ಕ:
ಬ್ಲಫ್ ಅಲ್ಲ. ಎಲ್ಲದಕ್ಕೂ ಕಾಲ್ ಮಾಡುವವರ ಮುಂದೆ ಬ್ಲಫ್ ಮಾಡಿದರೆ ಕೈಯಾರೆ ದುಡ್ಡು ಹಂಚಿದ ಹಾಗೆ. ನಿಮ್ಮಲ್ಲಿ ಜೋರು ಅಂದರೆ ಒಳ್ಳೆ ಎಲೆಗೆ ಏರಿಸೋದು, ಕೆಟ್ಟ ಎಲೆಯನ್ನು ಮೊದಲೇ ಬಿಡೋದು. ಎರಡೂ ಒಟ್ಟಿಗೆ ಬೇಕು.

ಎರಡು ಎಕ್ಕ ಸರಾಸರಿ 221 ಸಲ ಎಲೆ ಹಂಚಿದರೆ ಒಮ್ಮೆ ಬರುತ್ತದೆ. ಏನೋ ಒಂದು ಎಲೆ ಹಿಡಿದ ಒಬ್ಬರ ಎದುರು ಅದು ನೂರಕ್ಕೆ 85 ಸಲ ಗೆಲ್ಲುತ್ತದೆ. ಎದುರಿಗೆ ಅಂಥವರು ನಾಲ್ಕು ಜನ ಕೊನೆ ತನಕ ಉಳಿದರೆ 56ರ ಹತ್ತಿರ ಬಂದುಬಿಡುತ್ತದೆ. ನೀವು 2 ರೂಪಾಯಿಗೆ ಎಲ್ಲರನ್ನೂ ಒಳಗೆ ಬಿಡುತ್ತಿದ್ದೀರಿ! ಸಾಮಾನ್ಯವಾಗಿ ದೊಡ್ಡ ಬ್ಲೈಂಡಿನ ಮೂರು ಪಟ್ಟು ಏರಿಸಿ ಅನ್ನುತ್ತಾರೆ. ನಿಮ್ಮವರು 6 ರೂಪಾಯಿಗೆ ಏಳುವವರಲ್ಲ. 10 ಮಾಡಿ. ನಿಮಗಿಂತ ಮುಂಚೆ ಇಬ್ಬರು 2 ಹಾಕಿ ಕೂತಿದ್ದರೆ 14. ಆಗಲೂ ಎಂಟು-ಮೂರು ಹಿಡಿದು ಬಂದರೆ ಬರಲಿ, ಕೆಟ್ಟ ಎಲೆಗೆ ಜಾಸ್ತಿ ದುಡ್ಡು ಕಟ್ಟುತ್ತಿದ್ದಾರೆ ಅಲ್ವಾ? ಒಂದೊಂದು ಸಲ ಅವರೇ ಗೆಲ್ಲುತ್ತಾರೆ. ಅದಕ್ಕೆ ಬೇಜಾರಾಗಿ ಮತ್ತೆ ಕಾಲ್‌ಗೆ ಇಳಿಯಬೇಡಿ.

ಜಾಗವನ್ನೂ ನೋಡಿ. ಹಂಚುವ ಸರದಿ ನಿಮ್ಮದಾದಾಗ ಫ್ಲಾಪ್ (ನಡುವೆ ಬೀಳುವ ಮೊದಲ ಮೂರು ಎಲೆ) ಆದಮೇಲೆ ಕೊನೆಗೆ ಆಡುವುದು ನೀವು. ಉಳಿದವರು ಏನು ಮಾಡಿದರು ಅಂತ ಗೊತ್ತಿರುತ್ತದೆ. ಜೋರು ಆಟ ಅಲ್ಲಿಂದ ಶುರು ಮಾಡಿ. ರಾಜ-ಒಂಬತ್ತು ಮೊದಲ ಜಾಗದಲ್ಲಿ ಬಂದರೆ ಬಿಡಿ. ಹಂಚುವಾಗ ಬಂದು, ಮುಂಚಿನವರೆಲ್ಲ ಬಿಟ್ಟಿದ್ದರೆ ಏರಿಸಿ.

ಸೋಮವಾರಪೇಟೆಯಿಂದ:
ಅಕ್ಕ ಹೇಳಿದ್ದು ಸರಿ. ಆದರೆ ಎದುರು ಒಬ್ಬರೇ ಇದ್ದರೆ ಬ್ಲಫ್ ಪೂರ್ತಿ ಬಿಡಬೇಡಿ. ಪಾಟ್‌ನಲ್ಲಿ (ನಡುವೆ ಸೇರಿದ ದುಡ್ಡಿನಲ್ಲಿ) 30 ಇದ್ದಾಗ 15 ಹಾಕಿದರೆ, ಮೂರರಲ್ಲಿ ಒಂದು ಸಲ ಅವರು ಬಿಟ್ಟರೂ ಅಸಲು ಸಿಕ್ಕಿತು. ಕೈಯಲ್ಲಿ ಎರಡು ಆಟೀನ್, ಫ್ಲಾಪ್‌ನಲ್ಲಿ ಎರಡು ಆಟೀನ್ ಇದ್ದರೆ ಇನ್ನೂ ಒಳ್ಳೆಯದು. ಕೊನೆಯ ಎರಡು ಎಲೆಯಲ್ಲಿ ಐದನೇ ಆಟೀನ್ ನೂರಕ್ಕೆ 35 ಸಲ ಬರುತ್ತದೆ. ಐದೂ ಆಟೀನ್ ಆದರೆ ಅದು ಫ್ಲಶ್, ಜೋಡಿಗಳಿಗಿಂತ ದೊಡ್ಡದು.

ಅಭ್ಯಾಸಕ್ಕೆ ಅಂತ ಮೊಬೈಲ್‌ನಲ್ಲಿ ದುಡ್ಡು ಹಾಕಬೇಡಿ. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಪಾಸಾಗಿದೆ.

ಪೊನ್ನಂಪೇಟೆ ಹುಡುಗ:
ಥ್ಯಾಂಕ್ಸ್ ಅಕ್ಕ. ಎಕ್ಕ-ರಾಜ ಬಂದು ಏರಿಸಿದೆ, ಫ್ಲಾಪ್‌ನಲ್ಲಿ ಏನೂ ಸಿಗಲಿಲ್ಲ ಅಂದುಕೊಳ್ಳಿ. ಆಗ?

ಕುಶಾಲನಗರದ ಅಕ್ಕ:
ಜೋಡಿ ಸಿಗೋದೇ ಸುಮಾರು ಮೂರು ಸಲಕ್ಕೆ ಒಮ್ಮೆ. ಎದುರು ಒಬ್ಬರಿದ್ದರೆ ಪಾಟ್‌ನ ಅರ್ಧ ಹಾಕಿ, ಒಂದೇ ಸಲ. ಕಾಲ್ ಬಂದರೆ ನಿಲ್ಲಿಸಿ. ಮೂವರಿದ್ದರೆ ಚೆಕ್ ಮಾಡಿ, ಅಂದರೆ ದುಡ್ಡು ಹಾಕದೆ ಸರದಿ ದಾಟಿಸಿ. ಎಕ್ಕದ ಜೋಡಿ ಸಿಕ್ಕರೆ ಮೂರು ಸುತ್ತೂ ಹಾಕಿ, ಪಾಟ್‌ನ ಮುಕ್ಕಾಲು ಭಾಗದಷ್ಟು. ಆದರೆ ಯಾವತ್ತೂ ಬರೀ ಕಾಲ್ ಮಾಡುವ ಮಾವ ಕೊನೆ ಎಲೆಗೆ ಇದ್ದಕ್ಕಿದ್ದಂತೆ ಏರಿಸಿದರೆ, ಆ ಜೋಡಿಯನ್ನೂ ಬಿಟ್ಟುಬಿಡಿ.