ಸಹಾಯ ಬೇಕು: ಪೋಕರ್‌ನಲ್ಲಿ ಬಿಗಿಯಾಗಿ (ಒಳ್ಳೆಯ ಎಲೆ ಬಂದಾಗ ಮಾತ್ರ) ಆಡುವವರ ಆಲ್-ಇನ್ (ಇರುವ ಚಿಪ್ಸ್ ಎಲ್ಲ ಪಣಕ್ಕಿಡುವುದು) ಅನ್ನು ಹೇಗೆ ಅರ್ಥೈಸಬೇಕು?

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವನು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾನೂನು ನಿಷೇಧಿಸಿದ ಮೇಲೆ ಉಚಿತ ಚಿಪ್ಸ್‌ನ ಪೋಕರ್ ಟೂರ್ನಿಗಳನ್ನಷ್ಟೇ ಆಡುತ್ತೇನೆ. ಬಹಳ ಹೊತ್ತು ಫೋಲ್ಡ್ ಮಾಡುತ್ತಲೇ (ಎಲೆ ಬಿಟ್ಟುಕೊಡುತ್ತಲೇ) ಕೂರುವವರ ಬ್ಲೈಂಡ್ (ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಕಟ್ಟುವ ಪಣ) ಕದಿಯುವುದು ಸುಲಭ. ತೊಡಕಿರುವುದು ಅವರೇ ಮೊದಲ ಸ್ಥಾನದಿಂದ ರೇಜ್ ಮಾಡಿದಾಗ (ಪಣ ಏರಿಸಿದಾಗ).

ಇಂಥವರೊಬ್ಬರು ಹಾಗೆ ರೇಜ್ ಮಾಡಿದಾಗ ನಾನು ಬಿಗ್ ಬ್ಲೈಂಡ್‌ನಲ್ಲಿ (ದೊಡ್ಡ ಬ್ಲೈಂಡ್ ಕಟ್ಟುವ ಸ್ಥಾನದಲ್ಲಿ) ರಾಣಿ ಜೋಡಿ ಹಿಡಿದು ಕಾಲ್ ಮಾಡಿದೆ (ಅಷ್ಟೇ ಪಣ ಕಟ್ಟಿದೆ). ಫ್ಲಾಪ್‌ನಲ್ಲಿ (ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆಗಳಲ್ಲಿ) 9, 6, 2 ಬಿದ್ದು ಎದುರಾಳಿ ಅರ್ಧ ಪಾಟ್ (ಅದುವರೆಗೆ ಸೇರಿದ ಪಣದ ಅರ್ಧ) ಕಟ್ಟಿದರು, ನಾನು ಕಾಲ್ ಮಾಡಿದೆ; ಟರ್ನ್‌ನಲ್ಲಿ (ನಾಲ್ಕನೆಯ ಎಲೆಯಾಗಿ) 4 ಬಂದೊಡನೆ ಅವರು ಆಲ್-ಇನ್. ಅವರ ಕೈಯಲ್ಲಿ ನನ್ನನ್ನು ಸೋಲಿಸುವ ಎಕ್ಕದ ಜೋಡಿ, ರಾಜರ ಜೋಡಿ ಸೇರಿ 12 ಬಗೆಯಲ್ಲಿ, ಸದ್ಯ ನನಗಿಂತ ಹಿಂದಿರುವ ಎಕ್ಕ-ರಾಜ 16 ಬಗೆಯಲ್ಲಿ ಇರಬಹುದು ಎಂಬ ಲೆಕ್ಕ ಹಾಕಿದೆ, ಅವರ ಹಳೆಯ ಆಟದ ಟಿಪ್ಪಣಿಗಳನ್ನೂ ನೋಡಿದೆ. ಆದರೆ ಇಷ್ಟು ಬಿಗಿಯಾದವರು ಬರಿ ಎಕ್ಕ-ರಾಜ ಹಿಡಿದು ಟರ್ನ್‌ನಲ್ಲಿ ಎಲ್ಲವನ್ನೂ ತಳ್ಳುತ್ತಾರೆಯೇ ಎಂಬುದೇ ತಿಳಿಯುತ್ತಿಲ್ಲ.

ಅನುಭವಿಗಳು ದಯವಿಟ್ಟು ತಿಳಿಸಿ: ಇಂಥ ಆಲ್-ಇನ್‌ಗೆ ಎಕ್ಕ-ರಾಜವನ್ನು ಲೆಕ್ಕದಿಂದ ಕೈಬಿಟ್ಟು ರಾಣಿ ಜೋಡಿಯನ್ನು ಫೋಲ್ಡ್ ಮಾಡಬೇಕೇ, ಅಥವಾ ಕಾಲ್ ಮಾಡಬೇಕೇ?